ಮೈಕ್ರೋವೇವ್ ಒಲೆಯಲ್ಲಿ ಆಹಾರದ ಹಿಮ ಕರಗಿಸುವಿಕೆ ಮತ್ತು ಬಿಸಿಮಾಡುವಿಕೆ

ಮೈಕ್ರೋವೇವ್ ಒಲೆಯು ಸೂಕ್ಷ್ಮತರಂಗಗಳ ಮೂಲಕ ಆಹಾರವನ್ನು ಬಿಸಿಮಾಡುವ ಅಡುಗೆಮನೆಯ ವಿದ್ಯುತ್ ಉಪಕರಣವಾಗಿದೆ. ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿದ ಮಾಂಸ, ಮೀನು, ತರಕಾರಿ ಮುಂತಾದವುಗಳ ಹಿಮವನ್ನು ಕರಗಿಸಲು ಮತ್ತು ಮೊದಲೇ ಬೇಯಿಸಿಟ್ಟ ಅಡುಗೆಯನ್ನು ಮತ್ತೆ ಬಿಸಿಮಾಡಲು ಇದನ್ನು ಹೆಚ್ಚಾಗಿ ಬಳಸಲಾಗುತ್ತದೆ. ಸಾಮಾನ್ಯ ಒಲೆಗಿಂತ ಇದು ವೇಗವಾಗಿ ಕೆಲಸ ಮಾಡುತ್ತದೆ. ಆದರೆ ಆಹಾರದ ಎಲ್ಲ ಭಾಗಗಳನ್ನೂ ಸಮನಾಗಿ ಬಿಸಿಮಾಡುವುದಿಲ್ಲ. ಒಂದೇ ಪಾತ್ರೆಯಲ್ಲಿ ಒಂದು ಭಾಗ ಕುದಿಯುತ್ತಿರುವಾಗ ಇನ್ನೊಂದು ಭಾಗ ತಣ್ಣಗೆ ಉಳಿಯಬಹುದು. ತಣ್ಣಗೆ ಉಳಿದ ಭಾಗದಲ್ಲಿ ರೋಗಾಣುಗಳು ಸಾಯದೆ ಉಳಿಯುತ್ತವೆ; ಅತಿಯಾಗಿ ಬಿಸಿಯಾದ ಭಾಗವು ಬಾಯಿ ಮತ್ತು ಗಂಟಲನ್ನು ಸುಡಬಹುದು. ಈ ಒಲೆಯ ಸುರಕ್ಷಿತ ಬಳಕೆಗೆ ಸಂಬಂಧಿಸಿದ ಬಹುತೇಕ ನಿಯಮಗಳು ಈ ಅಸಮತೆಯನ್ನು ಸರಿಪಡಿಸುವ ಉದ್ದೇಶದಿಂದಲೇ ರೂಪುಗೊಂಡಿವೆ.

ಇತಿಹಾಸ

ಸೂಕ್ಷ್ಮತರಂಗಗಳನ್ನು ಉತ್ಪಾದಿಸುವ ಮ್ಯಾಗ್ನೆಟ್ರಾನ್ ಎಂಬ ನಿರ್ವಾತ ನಳಿಕೆಯ ಪ್ರಬಲ ರೂಪವನ್ನು 1940ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ನಿರ್ಮಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದನ್ನು ರೇಡಾರ್ ಯಂತ್ರಗಳಲ್ಲಿ ಬಳಸಲಾಯಿತು. ಅಮೆರಿಕದ ರೇಥಿಯಾನ್ ಸಂಸ್ಥೆಯ ಇಂಜಿನಿಯರ್ ಪರ್ಸಿ ಸ್ಪೆನ್ಸರ್ 1945ರಲ್ಲಿ ಈ ತರಂಗಗಳಿಂದ ಆಹಾರವನ್ನು ಬಿಸಿಮಾಡುವ ವಿಧಾನಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದರು. ಚಾಲನೆಯಲ್ಲಿದ್ದ ಮ್ಯಾಗ್ನೆಟ್ರಾನಿನ ಬಳಿ ನಿಂತಿದ್ದಾಗ ಅವರ ಜೇಬಿನಲ್ಲಿದ್ದ ಸಿಹಿತಿಂಡಿ ಕರಗಿದ್ದೇ ಈ ಆವಿಷ್ಕಾರಕ್ಕೆ ಪ್ರೇರಣೆಯಾಯಿತು ಎಂದು ಹೇಳಲಾಗುತ್ತದೆ. ಆ ಸಂಸ್ಥೆ 1947ರಲ್ಲಿ ಮಾರುಕಟ್ಟೆಗೆ ತಂದ ರೇಡಾರೇಂಜ್ ಎಂಬ ಒಲೆಯು ಸುಮಾರು 1.8 ಮೀಟರ್ ಎತ್ತರ ಮತ್ತು 340 ಕಿಲೋಗ್ರಾಂ ತೂಕವಿತ್ತು. ಮೇಜಿನ ಮೇಲೆ ಇಡಬಹುದಾದ ಗೃಹಬಳಕೆಯ ಅಮಾನಾ ಮಾದರಿ 1967ರಲ್ಲಿ ಬಂದಿತು.

ಅತಿಶೀತಲಗೊಂಡ ವಸ್ತುವನ್ನು ಸೂಕ್ಷ್ಮತರಂಗಗಳಿಂದ ಬೆಚ್ಚಗಾಗಿಸುವ ಪ್ರಯೋಗಗಳು ಅಡುಗೆಮನೆಯ ಹೊರಗೂ ನಡೆದಿವೆ. 1950ರ ದಶಕದಲ್ಲಿ ಬ್ರಿಟನ್ನಿನ ವಿಜ್ಞಾನಿ ಜೇಮ್ಸ್ ಲವ್‌ಲಾಕ್ ಮತ್ತು ಸಂಗಡಿಗರು 0 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ತಣಿಸಿದ ಇಲಿ ಮತ್ತು ಹ್ಯಾಮ್‌ಸ್ಟರ್‌ಗಳನ್ನು ಈ ತರಂಗಗಳ ನೆರವಿನಿಂದ ಪುನಶ್ಚೇತನಗೊಳಿಸುವ ಪ್ರಯೋಗಗಳನ್ನು ನಡೆಸಿದರು.

ಕಾರ್ಯತತ್ತ್ವ

ಗೃಹಬಳಕೆಯ ಒಲೆಗಳು 2,450 ಮೆಗಾಹರ್ಟ್ಸ್ ಆವೃತ್ತಿಯ ವಿದ್ಯುತ್ಕಾಂತೀಯ ತರಂಗಗಳನ್ನು ಬಳಸುತ್ತವೆ. ಇವುಗಳ ತರಂಗದೂರ ಸುಮಾರು 12 ಸೆಂಟಿಮೀಟರ್. ನೀರಿನ ಅಣುವಿನ ಒಂದು ತುದಿ ಧನಾತ್ಮಕವಾಗಿಯೂ ಇನ್ನೊಂದು ತುದಿ ಋಣಾತ್ಮಕವಾಗಿಯೂ ಇರುವುದರಿಂದ, ಸೆಕೆಂಡಿಗೆ ಕೋಟ್ಯಂತರ ಬಾರಿ ದಿಕ್ಕು ಬದಲಿಸುವ ವಿದ್ಯುತ್ ಕ್ಷೇತ್ರಕ್ಕೆ ಹೊಂದಿಕೊಳ್ಳಲು ಅದು ಅತ್ತಿತ್ತ ತಿರುಗುತ್ತದೆ. ಈ ಚಲನೆಯು ಸುತ್ತಲಿನ ಅಣುಗಳಿಗೆ ಹಂಚಿಹೋಗಿ ಉಷ್ಣವಾಗಿ ಪರಿವರ್ತನೆಯಾಗುತ್ತದೆ. ಆಹಾರದಲ್ಲಿ ಕರಗಿರುವ ಉಪ್ಪಿನ ಅಯಾನುಗಳೂ ಇದೇ ಕ್ಷೇತ್ರದಲ್ಲಿ ಚಲಿಸಿ ಉಷ್ಣವನ್ನು ಉಂಟುಮಾಡುತ್ತವೆ. ಗಾಜು, ಪಿಂಗಾಣಿ ಮತ್ತು ಕೆಲವು ಬಗೆಯ ಪ್ಲಾಸ್ಟಿಕ್‌ಗಳ ಮೂಲಕ ತರಂಗಗಳು ಹಾದುಹೋಗುತ್ತವೆ, ಲೋಹದಿಂದ ಪ್ರತಿಫಲಿಸುತ್ತವೆ.

ಅಸಮವಾಗಿ ಬಿಸಿಯಾಗಲು ಕಾರಣಗಳು

ಅಸಮ ತಾಪನಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ. ಮೊದಲನೆಯದಾಗಿ, ಒಲೆಯ ಲೋಹದ ಗೋಡೆಗಳ ನಡುವೆ ತರಂಗಗಳು ಪ್ರತಿಫಲಿಸಿ ಪರಸ್ಪರ ಕೂಡಿಕೊಂಡಾಗ ಕೆಲವು ಜಾಗಗಳಲ್ಲಿ ಕ್ಷೇತ್ರವು ಪ್ರಬಲವಾಗಿಯೂ ಕೆಲವು ಜಾಗಗಳಲ್ಲಿ ದುರ್ಬಲವಾಗಿಯೂ ನಿಲ್ಲುತ್ತದೆ. ತಿರುಗುವ ತಟ್ಟೆಯು ಆಹಾರವನ್ನು ಈ ಜಾಗಗಳ ಮೂಲಕ ಹಾಯಿಸಿ ವ್ಯತ್ಯಾಸವನ್ನು ಕಡಿಮೆ ಮಾಡುತ್ತದೆ. ಆದರೆ ತಟ್ಟೆಯ ನಡುಮಧ್ಯದಲ್ಲಿರುವ ಆಹಾರವು ಇದ್ದಲ್ಲೇ ಸುತ್ತುವುದರಿಂದ ಅದಕ್ಕೆ ಈ ಪ್ರಯೋಜನ ಅಷ್ಟಾಗಿ ದೊರೆಯುವುದಿಲ್ಲ.

ಎರಡನೆಯದಾಗಿ, ತರಂಗಗಳು ಆಹಾರದೊಳಗೆ ಸಾಗಿದಂತೆ ಕ್ಷೀಣಿಸುತ್ತವೆ. ನೀರಿನಂಶ ಹೆಚ್ಚಿರುವ ಆಹಾರದಲ್ಲಿ ಅವುಗಳ ಹೆಚ್ಚಿನ ಶಕ್ತಿಯು ಹೊರಗಿನ ಕೆಲವು ಸೆಂಟಿಮೀಟರ್ ದಪ್ಪದಲ್ಲೇ ಹೀರಲ್ಪಡುತ್ತದೆ. ಅದಕ್ಕಿಂತ ಒಳಗಿನ ಭಾಗವು ಉಷ್ಣವಹನದಿಂದ, ನಿಧಾನವಾಗಿ ಬಿಸಿಯಾಗುತ್ತದೆ.

ಮೂರನೆಯದು ಹಿಮ ಮತ್ತು ನೀರಿನ ನಡುವಿನ ವ್ಯತ್ಯಾಸ. ಹಿಮದಲ್ಲಿ ನೀರಿನ ಅಣುಗಳು ಹರಳಿನ ಜಾಲದಲ್ಲಿ ಬಂಧಿತವಾಗಿರುವುದರಿಂದ ಸುಲಭವಾಗಿ ತಿರುಗಲಾರವು. ಈ ಆವೃತ್ತಿಯಲ್ಲಿ ಶುದ್ಧ ಹಿಮವು ತರಂಗಶಕ್ತಿಯನ್ನು ಉಷ್ಣವಾಗಿ ಪರಿವರ್ತಿಸುವ ಪ್ರಮಾಣವು ದ್ರವರೂಪದ ನೀರಿಗಿಂತ ಸಾವಿರಾರು ಪಟ್ಟು ಕಡಿಮೆ. ಹೆಪ್ಪುಗಟ್ಟಿದ ಆಹಾರದಲ್ಲಿ ಉಪ್ಪು, ಸಕ್ಕರೆಗಳ ಕಾರಣದಿಂದ ಸ್ವಲ್ಪ ನೀರು ದ್ರವವಾಗಿಯೇ ಉಳಿದಿರುವುದರಿಂದ ಅದು ಶುದ್ಧ ಹಿಮಕ್ಕಿಂತ ಹೆಚ್ಚು ಶಕ್ತಿಯನ್ನು ಹೀರುತ್ತದೆ. ಆದರೂ ಕರಗಿದ ಆಹಾರಕ್ಕಿಂತ ಬಹಳ ಕಡಿಮೆ. ಹೀಗಾಗಿ ಅಂಚಿನಲ್ಲಿ ಎಲ್ಲಾದರೂ ಸ್ವಲ್ಪ ಹಿಮ ಕರಗಿ ನೀರಾದ ಕೂಡಲೇ ಆ ಜಾಗವು ಸುತ್ತಲಿನ ಭಾಗಕ್ಕಿಂತ ಹೆಚ್ಚು ಶಕ್ತಿಯನ್ನು ಹೀರತೊಡಗುತ್ತದೆ. ಹೀರಿದಷ್ಟೂ ಹೆಚ್ಚು ಕರಗುತ್ತದೆ, ಕರಗಿದಷ್ಟೂ ಹೆಚ್ಚು ಹೀರುತ್ತದೆ. ಕೋಳಿಮಾಂಸದ ಅಂಚು ಬೆಂದು ಬೆಳ್ಳಗಾದರೂ ನಡುವೆ ಹಿಮದ ಗಡ್ಡೆ ಹಾಗೆಯೇ ಉಳಿಯುವುದು ಈ ಕಾರಣದಿಂದ.

ಹಿಮ ಕರಗಿಸುವಿಕೆ

ಹಿಮ ಕರಗಲು ಬೇಕಾಗುವ ಶಕ್ತಿಯ ಪ್ರಮಾಣ ದೊಡ್ಡದು. ಹಿಮದ ದ್ರವನ ಗುಪ್ತೋಷ್ಣವು ಕಿಲೋಗ್ರಾಂಗೆ ಸುಮಾರು 334 ಕಿಲೋಜೂಲ್. ಮೈನಸ್ 18 ಡಿಗ್ರಿಯಲ್ಲಿರುವ 500 ಗ್ರಾಂ ಹಿಮವನ್ನು 0 ಡಿಗ್ರಿಗೆ ತರಲು ಸುಮಾರು 19 ಕಿಲೋಜೂಲ್ ಸಾಕು. ಆದರೆ 0 ಡಿಗ್ರಿಯಲ್ಲೇ ಅದನ್ನು ನೀರಾಗಿಸಲು ಸುಮಾರು 167 ಕಿಲೋಜೂಲ್ ಬೇಕು. ಆ ನೀರನ್ನು 0ಯಿಂದ 70 ಡಿಗ್ರಿಗೆ ಏರಿಸಲು ಬೇಕಾಗುವುದು ಸುಮಾರು 147 ಕಿಲೋಜೂಲ್ ಮಾತ್ರ. ಅಂದರೆ ನೀರನ್ನು ಬಿಸಿಮಾಡುವುದಕ್ಕಿಂತ ಹಿಮವನ್ನು ಕರಗಿಸುವುದಕ್ಕೇ ಹೆಚ್ಚು ಶಕ್ತಿ ವ್ಯಯವಾಗುತ್ತದೆ. ಈ ಶಕ್ತಿಯನ್ನು ಒಮ್ಮೆಲೇ ಕೊಟ್ಟರೆ ಅದು ಗಡ್ಡೆಯ ನಡುಭಾಗವನ್ನು ತಲುಪುವ ಮೊದಲೇ ಕರಗಿದ ಅಂಚುಗಳಲ್ಲಿ ಹೀರಲ್ಪಟ್ಟು ಅವುಗಳನ್ನು ಬೇಯಿಸಿಬಿಡುತ್ತದೆ.

ಆದ್ದರಿಂದ ಒಲೆಗಳಲ್ಲಿ ಡಿಫ್ರಾಸ್ಟ್ ಎಂಬ ಪ್ರತ್ಯೇಕ ಆಯ್ಕೆಯನ್ನು ಒದಗಿಸಲಾಗಿರುತ್ತದೆ. ಸಾಮಾನ್ಯವಾಗಿ ಇದು ಪೂರ್ಣ ಸಾಮರ್ಥ್ಯದ ಶೇಕಡಾ 30ರ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಹೆಚ್ಚಿನ ಒಲೆಗಳಲ್ಲಿ ಮ್ಯಾಗ್ನೆಟ್ರಾನ್ ಕೆಲವು ಸೆಕೆಂಡು ಚಾಲನೆಯಲ್ಲಿದ್ದು ಬಳಿಕ ಕೆಲವು ಸೆಕೆಂಡು ನಿಲ್ಲುತ್ತದೆ. ಇನ್ವರ್ಟರ್ ಮಾದರಿಗಳಲ್ಲಿ ತರಂಗಗಳ ಶಕ್ತಿಯನ್ನೇ ತಗ್ಗಿಸಲಾಗುತ್ತದೆ. ಬಿಡುವಿನ ಅವಧಿಯಲ್ಲಿ ಬೆಚ್ಚಗಾದ ಭಾಗದಿಂದ ತಣ್ಣಗಿನ ಭಾಗಕ್ಕೆ ಉಷ್ಣವು ಹರಡಲು ಸಮಯ ಸಿಗುತ್ತದೆ.

ಮಾಂಸವನ್ನು ಸಂಸ್ಕರಿಸುವ ಕಾರ್ಖಾನೆಗಳಲ್ಲಿಯೂ ಇದೇ ಸಮಸ್ಯೆ ಎದುರಾಗುತ್ತದೆ. ಅಮೆರಿಕದಲ್ಲಿ ಇದಕ್ಕಾಗಿ 915 ಮೆಗಾಹರ್ಟ್ಸ್ ಆವೃತ್ತಿಯ, ಹೆಚ್ಚು ಆಳಕ್ಕೆ ಇಳಿಯುವ ತರಂಗಗಳನ್ನು ಬಳಸಲಾಗುತ್ತದೆ. ಅಲ್ಲಿಯೂ ಸಾಮಾನ್ಯವಾಗಿ ಗಡ್ಡೆಯನ್ನು ಸಂಪೂರ್ಣವಾಗಿ ಕರಗಿಸದೆ, ಕತ್ತರಿಸಲು ಬರುವಷ್ಟು ಮೆದುವಾದ ಕೂಡಲೇ, ಅಂದರೆ ಮೈನಸ್ 4ರಿಂದ ಮೈನಸ್ 2 ಡಿಗ್ರಿಯ ಹಂತದಲ್ಲಿ ನಿಲ್ಲಿಸಲಾಗುತ್ತದೆ.

ಮನೆಯಲ್ಲಿ ಅನುಸರಿಸಬಹುದಾದ ಕ್ರಮ ಹೀಗಿದೆ:

• ಅಂಗಡಿಯ ಪೊಟ್ಟಣ, ಫೋಮ್ ತಟ್ಟೆ ಮತ್ತು ಲೋಹದ ಕ್ಲಿಪ್‌ಗಳನ್ನು ತೆಗೆದು, ಆಹಾರವನ್ನು ಮೈಕ್ರೋವೇವ್‌ಗೆ ಯೋಗ್ಯವಾದ ಅಗಲ ಪಾತ್ರೆಯಲ್ಲಿ ಇಡಬೇಕು.
• ತೂಕವನ್ನು ನಮೂದಿಸುವ ಸೌಲಭ್ಯವಿದ್ದರೆ ಸರಿಯಾದ ತೂಕವನ್ನೇ ಕೊಡಬೇಕು. ಇಲ್ಲದಿದ್ದಲ್ಲಿ ಕಡಿಮೆ ಶಕ್ತಿಯಲ್ಲಿ ಒಂದೆರಡು ನಿಮಿಷಗಳ ಕಂತುಗಳಲ್ಲಿ ಬಿಸಿಮಾಡಬೇಕು.
• ಪ್ರತಿ ಕಂತಿನ ನಂತರ ತುಂಡುಗಳನ್ನು ಬೇರ್ಪಡಿಸಿ, ಮಗುಚಿ, ಕರಗಿದ ತುಂಡುಗಳನ್ನು ಹೊರತೆಗೆಯಬೇಕು. ಒಸರಿದ ನೀರನ್ನು ಚೆಲ್ಲಬೇಕು. ಅದು ಪಾತ್ರೆಯಲ್ಲೇ ಉಳಿದರೆ ಆಹಾರಕ್ಕೆ ತಲುಪಬೇಕಾದ ಶಕ್ತಿಯನ್ನು ಹೀರಿಕೊಳ್ಳುತ್ತದೆ.
• ಮೀನಿನ ಬಾಲ, ಕೋಳಿಯ ರೆಕ್ಕೆಯಂತಹ ತೆಳುವಾದ ಭಾಗಗಳನ್ನು ತಟ್ಟೆಯ ನಡುವಿನತ್ತಲೂ ದಪ್ಪನೆಯ ಭಾಗಗಳನ್ನು ಅಂಚಿನತ್ತಲೂ ಇಡಬೇಕು.
• ಸ್ವಲ್ಪ ಹಿಮ ಉಳಿದಿರುವಾಗಲೇ ಒಲೆಯನ್ನು ನಿಲ್ಲಿಸಿ, ಕೆಲವು ನಿಮಿಷ ಹಾಗೆಯೇ ಬಿಟ್ಟು, ಉಷ್ಣವು ಒಳಗೆ ಹರಡಲು ಅವಕಾಶ ಕೊಡಬೇಕು.
• ಹೀಗೆ ಕರಗಿಸಿದ ಹಸಿ ಮಾಂಸ ಅಥವಾ ಮೀನನ್ನು ತಡಮಾಡದೆ ಬೇಯಿಸಬೇಕು.

ಕೊನೆಯ ನಿಯಮಕ್ಕೆ ವಿಶೇಷ ಮಹತ್ವವಿದೆ. ಕರಗುವಾಗ ಮಾಂಸದ ಕೆಲವು ಭಾಗಗಳು ಬೆಚ್ಚಗಾಗಿ ಬ್ಯಾಕ್ಟೀರಿಯಾಗಳು ಬೇಗನೆ ವೃದ್ಧಿಯಾಗುವ ತಾಪಮಾನವನ್ನು ತಲುಪಿರುತ್ತವೆ. ಫ್ರೀಜರಿನ ಚಳಿಯು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು ಅವೆಲ್ಲವನ್ನೂ ಕೊಲ್ಲುವುದಿಲ್ಲ. ಆದ್ದರಿಂದ ಮೈಕ್ರೋವೇವ್‌ನಲ್ಲಿ ಕರಗಿಸಿದ ಹಸಿ ಆಹಾರವನ್ನು ಬೇಯಿಸದೆ ಮತ್ತೆ ಫ್ರೀಜರಿನಲ್ಲಿ ಇಡಬಾರದು. ಅಡುಗೆಗೆ ಸಮಯವಿದ್ದಲ್ಲಿ, ಹಿಂದಿನ ರಾತ್ರಿಯೇ ಆಹಾರವನ್ನು ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ಅಂಕಣಕ್ಕೆ ವರ್ಗಾಯಿಸಿ ಕರಗಿಸುವುದು ಹೆಚ್ಚು ಸುರಕ್ಷಿತ. ನೀರು ಒಳಹೋಗದ ಚೀಲದಲ್ಲಿ ಹಾಕಿ ತಣ್ಣೀರಿನಲ್ಲಿ ಮುಳುಗಿಸಿ, ಪ್ರತಿ 30 ನಿಮಿಷಕ್ಕೆ ನೀರು ಬದಲಾಯಿಸುವುದು ಇನ್ನೊಂದು ಕ್ರಮ. ಅಡುಗೆಮನೆಯ ಕಟ್ಟೆಯ ಮೇಲೆ ಗಂಟೆಗಟ್ಟಲೆ ಇಟ್ಟು ಕರಗಿಸುವುದು ಸೂಕ್ತವಲ್ಲ. ಹಸಿ ಬಟಾಣಿಯಂತಹ ಬಿಡಿ ತರಕಾರಿಗಳನ್ನು ಕರಗಿಸದೆ ನೇರವಾಗಿಯೇ ಬೇಯಿಸಬಹುದು.

ಬೇಯಿಸಿದ ಆಹಾರವನ್ನು ಮತ್ತೆ ಬಿಸಿಮಾಡುವಿಕೆ

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ತಾಪಮಾನವನ್ನು ಆಹಾರಕ್ಕೆ ಅಪಾಯಕಾರಿ ವಲಯವೆಂದು ಪರಿಗಣಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶನದ ಪ್ರಕಾರ ಬೇಯಿಸಿದ ಆಹಾರವನ್ನು ಕೋಣೆಯ ತಾಪಮಾನದಲ್ಲಿ 2 ಗಂಟೆಗಿಂತ ಹೆಚ್ಚು ಕಾಲ ಇಡಬಾರದು ಮತ್ತು ಬೇಯಿಸುವಾಗ ಆಹಾರದ ಒಳಭಾಗವು ಕನಿಷ್ಠ 70 ಡಿಗ್ರಿ ತಲುಪಬೇಕು. ಉಳಿದ ಅಡುಗೆಯನ್ನು ಮತ್ತೆ ಬಿಸಿಮಾಡುವಾಗ ಅಮೆರಿಕದ ಕೃಷಿ ಇಲಾಖೆಯು 74 ಡಿಗ್ರಿಯನ್ನು ಸೂಚಿಸುತ್ತದೆ. ಅಡುಗೆಯ ತಾಪಮಾಪಕವಿದ್ದಲ್ಲಿ ಒಂದೇ ಕಡೆ ಚುಚ್ಚದೆ ನಡುಭಾಗವೂ ಸೇರಿದಂತೆ ಹಲವೆಡೆ ಅಳೆಯಬೇಕು. ತಾಪಮಾಪಕ ಇಲ್ಲದಿದ್ದರೆ ಸಾರು, ಸಾಂಬಾರುಗಳು ಚೆನ್ನಾಗಿ ಕುದಿಯುವವರೆಗೂ, ಅನ್ನ, ಪಲ್ಯಗಳ ಎಲ್ಲ ಭಾಗದಿಂದ ಹಬೆ ಏಳುವವರೆಗೂ ಬಿಸಿಮಾಡಬೇಕು. ಪಾತ್ರೆಯ ಹೊರಮೈ ಬಿಸಿಯಾಗಿರುವುದು ಆಹಾರವು ಬಿಸಿಯಾಗಿದೆ ಎಂಬುದಕ್ಕೆ ಪುರಾವೆಯಲ್ಲ.

ಆಹಾರವನ್ನು ರಾಶಿ ಹಾಕದೆ ಅಗಲ ಪಾತ್ರೆಯಲ್ಲಿ ತೆಳುವಾಗಿ ಹರಡಬೇಕು. ಸಾಧ್ಯವಾದರೆ ನಡುವೆ ಜಾಗ ಬಿಟ್ಟು ಉಂಗುರದ ಆಕಾರದಲ್ಲಿ ಜೋಡಿಸಬೇಕು. ಆವಿ ಹೋಗಲು ಸ್ವಲ್ಪ ಸಂದು ಬಿಟ್ಟು ಮುಚ್ಚಿದರೆ ಒಳಗೆ ನಿಲ್ಲುವ ಹಬೆಯು ಮೇಲ್ಮೈಯನ್ನೂ ಬಿಸಿಮಾಡುತ್ತದೆ, ಆಹಾರ ಒಣಗುವುದೂ ತಪ್ಪುತ್ತದೆ. ಅರ್ಧ ಸಮಯ ಕಳೆದಾಗ ಒಲೆಯನ್ನು ನಿಲ್ಲಿಸಿ ಅಂಚಿನ ಭಾಗವನ್ನು ನಡುವಿಗೂ ನಡುವಿನ ಭಾಗವನ್ನು ಅಂಚಿಗೂ ತಂದು ಕಲಕಬೇಕು. ಕೊನೆಯಲ್ಲಿ ಎರಡು ಮೂರು ನಿಮಿಷ ಮುಚ್ಚಿಯೇ ಇಡಬೇಕು. ಇಡ್ಲಿ, ಚಪಾತಿಗಳ ನೀರಿನಂಶ ಬೇಗನೆ ಆವಿಯಾಗಿ ಅವು ಗಟ್ಟಿಯಾಗುವುದರಿಂದ ಸ್ವಲ್ಪ ನೀರು ಚಿಮುಕಿಸಿ ಅಥವಾ ಒದ್ದೆ ಬಟ್ಟೆ ಮುಚ್ಚಿ ಅಲ್ಪಕಾಲ ಬಿಸಿಮಾಡಲಾಗುತ್ತದೆ. ಹೋಳಿಗೆಯಂತಹ ಹೂರಣವುಳ್ಳ ತಿನಿಸುಗಳಲ್ಲಿ ಮೇಲ್ಪದರ ಬೆಚ್ಚಗಿದ್ದರೂ ತೇವ ಮತ್ತು ಸಿಹಿ ಹೆಚ್ಚಿರುವ ಹೂರಣವು ಸುಡುವಷ್ಟು ಬಿಸಿಯಾಗಿರಬಹುದು.

ಅನ್ನದ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಅಕ್ಕಿಯಲ್ಲಿ ಇರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೇಯುವ ತಾಪವನ್ನು ತಾಳಿಕೊಳ್ಳಬಲ್ಲವು. ಅನ್ನವನ್ನು ಬಹಳ ಹೊತ್ತು ಹೊರಗೆ ಬಿಟ್ಟರೆ ಅವು ಮೊಳೆತು, ವೃದ್ಧಿಯಾಗಿ, ವಾಂತಿ ಉಂಟುಮಾಡುವ ವಿಷವಸ್ತುವನ್ನು ತಯಾರಿಸಬಹುದು. ಈ ವಿಷವಸ್ತುವು ಶಾಖಕ್ಕೆ ನಾಶವಾಗುವುದಿಲ್ಲ. ಆದ್ದರಿಂದ ರಾತ್ರಿಯಿಡೀ ಹೊರಗಿದ್ದ ಅನ್ನವು ಎಷ್ಟೇ ಬಿಸಿ ಮಾಡಿದರೂ ಸುರಕ್ಷಿತವಾಗದಿರಬಹುದು. ಉಳಿದ ಅನ್ನವನ್ನು ಅಗಲ ಪಾತ್ರೆಯಲ್ಲಿ ಹರಡಿ ಬೇಗ ಆರಿಸಿ ಫ್ರಿಜ್ಜಿನಲ್ಲಿ ಇಡುವುದು, ಬೇಕಾದಷ್ಟನ್ನೇ ತೆಗೆದು ಒಮ್ಮೆ ಮಾತ್ರ ಬಿಸಿಮಾಡುವುದು ಸರಿಯಾದ ಕ್ರಮ. ಸಂಗ್ರಹಣೆಯಲ್ಲಿ ಆದ ತಪ್ಪನ್ನು ಯಾವ ಒಲೆಯೂ ತಿದ್ದಲಾರದು.

ಸಮಯ ಮತ್ತು ಶಕ್ತಿಯ ಲೆಕ್ಕ

ಪೊಟ್ಟಣಗಳ ಮೇಲೆ ಸೂಚಿಸಿದ ಸಮಯವು ನಿರ್ದಿಷ್ಟ ವ್ಯಾಟ್ ಸಾಮರ್ಥ್ಯದ ಒಲೆಗೆ ಅನ್ವಯಿಸುತ್ತದೆ. ಬೇರೆ ಸಾಮರ್ಥ್ಯದ ಒಲೆಯಲ್ಲಿ ಸಮಯವನ್ನು ವಿಲೋಮಾನುಪಾತದಲ್ಲಿ ಬದಲಾಯಿಸಬೇಕು: 800 ವ್ಯಾಟ್ ಒಲೆಯಲ್ಲಿ 3 ನಿಮಿಷ ಬೇಕಾದ ಆಹಾರಕ್ಕೆ 600 ವ್ಯಾಟ್ ಒಲೆಯಲ್ಲಿ ಸುಮಾರು 4 ನಿಮಿಷ ಬೇಕು. ಆಹಾರದ ಪ್ರಮಾಣವನ್ನು ಎರಡು ಪಟ್ಟು ಮಾಡಿದರೆ ಅಗತ್ಯ ಸಮಯವೂ ಬಹುಮಟ್ಟಿಗೆ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ.

ಒಲೆಯ ನಿಜವಾದ ಸಾಮರ್ಥ್ಯವನ್ನು ನೀರಿನ ಮೂಲಕ ಅಂದಾಜಿಸಬಹುದು. 1 ಲೀಟರ್ ತಣ್ಣೀರಿನ ತಾಪಮಾನವನ್ನು ಅಳೆದು, ಪೂರ್ಣ ಶಕ್ತಿಯಲ್ಲಿ 60 ಸೆಕೆಂಡು ಬಿಸಿಮಾಡಿ, ಕಲಕಿ ಮತ್ತೆ ಅಳೆಯಬೇಕು. ತಾಪಮಾನವು ಏರಿದ ಡಿಗ್ರಿಗಳನ್ನು 70ರಿಂದ ಗುಣಿಸಿದರೆ ವ್ಯಾಟ್‌ಗಳ ಅಂದಾಜು ಸಿಗುತ್ತದೆ. ಉದಾಹರಣೆಗೆ 10 ಡಿಗ್ರಿ ಏರಿದ್ದರೆ ನೀರಿಗೆ ತಲುಪಿದ ಶಕ್ತಿ ಸುಮಾರು 700 ವ್ಯಾಟ್.

ಪಾತ್ರೆಗಳು

ಶಾಖ ತಾಳುವ ಗಾಜು ಮತ್ತು ಲೋಹದ ಅಲಂಕಾರವಿಲ್ಲದ ಪಿಂಗಾಣಿ ಪಾತ್ರೆಗಳು ಸೂಕ್ತ. ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳು ತರಂಗಗಳನ್ನು ತಡೆಯುವುದರಿಂದ ಅವುಗಳೊಳಗಿನ ಆಹಾರ ಸರಿಯಾಗಿ ಬಿಸಿಯಾಗುವುದಿಲ್ಲ. ಲೋಹದ ಚೂಪಾದ ಅಂಚುಗಳಿಂದ ಕಿಡಿಯೂ ಹಾರಬಹುದು. ಚಿನ್ನದ ಬಣ್ಣದ ಲೋಹದ ಅಂಚುಳ್ಳ ತಟ್ಟೆ, ಚಮಚ, ಫಾಯಿಲ್ ಮುಂತಾದವುಗಳಿಗೂ ಇದು ಅನ್ವಯಿಸುತ್ತದೆ. ಮೆಲಮಿನ್ ತಟ್ಟೆಗಳು ತಾವೇ ಬಿಸಿಯಾಗುತ್ತವೆ. ಮೆರುಗು ನೀಡದ ಮಣ್ಣಿನ ಪಾತ್ರೆಗಳು ನೀರನ್ನು ಹೀರಿಕೊಂಡಿದ್ದರೆ ಬಿಸಿಯಾಗಿ ಬಿರುಕು ಬಿಡಬಹುದು. ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಮೈಕ್ರೋವೇವ್ ಬಳಕೆಗೆ ಯೋಗ್ಯವೆಂಬ ಗುರುತು ಇರುವವನ್ನು ಮಾತ್ರ ಬಳಸಬೇಕು. ಐಸ್‌ಕ್ರೀಮ್, ಮೊಸರು ಮುಂತಾದವುಗಳ ಖಾಲಿ ಡಬ್ಬಿಗಳು ತಣ್ಣನೆಯ ಪದಾರ್ಥಗಳಿಗಾಗಿ ತಯಾರಾದವು. ಶಾಖಕ್ಕೆ ಅವು ಬಾಗಬಹುದು, ಅವುಗಳ ರಾಸಾಯನಿಕಗಳು ಆಹಾರಕ್ಕೆ ಸೇರಬಹುದು. ವೃತ್ತಪತ್ರಿಕೆಯ ಕಾಗದವು ಹೊತ್ತಿಕೊಳ್ಳಬಹುದು, ಅದರ ಶಾಯಿ ಆಹಾರಕ್ಕೆ ಅಂಟುತ್ತದೆ.

ಲೋಹವಿಲ್ಲದ ಪಾತ್ರೆಯ ಯೋಗ್ಯತೆಯನ್ನು ತಿಳಿಯಲು ಖಾಲಿ ಪಾತ್ರೆಯ ಪಕ್ಕದಲ್ಲಿ ಒಂದು ಲೋಟ ನೀರನ್ನಿಟ್ಟು 1 ನಿಮಿಷ ಒಲೆಯನ್ನು ಚಾಲನೆ ಮಾಡಬಹುದು. ನೀರು ಬೆಚ್ಚಗಾಗಿ ಪಾತ್ರೆ ತಣ್ಣಗಿದ್ದರೆ ಅದು ತರಂಗಗಳನ್ನು ಹೀರುವುದಿಲ್ಲ ಎಂದರ್ಥ. ಪಾತ್ರೆಯೇ ಬಿಸಿಯಾಗಿದ್ದರೆ ಅದನ್ನು ಬಳಸಬಾರದು.

ಸುಟ್ಟಗಾಯ ಮತ್ತು ಸಿಡಿತದ ಅಪಾಯಗಳು

ನಯವಾದ ಒಳಮೈಯ ಲೋಟದಲ್ಲಿ ಬರಿಯ ನೀರನ್ನು ಹೆಚ್ಚು ಹೊತ್ತು ಬಿಸಿಮಾಡಿದಾಗ ಗುಳ್ಳೆಗಳು ಹುಟ್ಟಲು ಆಸರೆ ಸಿಗದೆ ನೀರು ಕುದಿಬಿಂದುವನ್ನು ದಾಟಿಯೂ ಶಾಂತವಾಗಿಯೇ ಕಾಣಬಹುದು. ಲೋಟವನ್ನು ಅಲುಗಿಸಿದಾಗ, ಚಮಚ ಅದ್ದಿದಾಗ ಅಥವಾ ಕಾಫಿಪುಡಿ ಹಾಕಿದಾಗ ಅದು ಒಮ್ಮೆಲೇ ಕುದಿದು ಚಿಮ್ಮುತ್ತದೆ. ಅಗತ್ಯಕ್ಕಿಂತ ಹೆಚ್ಚು ಹೊತ್ತು ಬಿಸಿಮಾಡದಿರುವುದು, ಮೊದಲೇ ಮರದ ಕಡ್ಡಿಯೊಂದನ್ನು ನೀರಿನಲ್ಲಿ ಇಡುವುದು ಮತ್ತು ಹೊರತೆಗೆಯುವ ಮೊದಲು ಸ್ವಲ್ಪ ಹೊತ್ತು ಕಾಯುವುದು ಇದಕ್ಕೆ ಮುನ್ನೆಚ್ಚರಿಕೆಗಳು.

ಮೊಟ್ಟೆಯನ್ನು ಚಿಪ್ಪಿನೊಂದಿಗೆ ಬಿಸಿಮಾಡಿದರೆ ಒಳಗಿನ ಆವಿಯ ಒತ್ತಡದಿಂದ ಅದು ಸಿಡಿಯುತ್ತದೆ. ಬೇಯಿಸಿ ಸುಲಿದ ಇಡೀ ಮೊಟ್ಟೆಯೂ ಮತ್ತೆ ಬಿಸಿಮಾಡುವಾಗ, ಕೆಲವೊಮ್ಮೆ ಕಚ್ಚಿದ ಕ್ಷಣದಲ್ಲಿ ಸಿಡಿಯಬಹುದು. ಆಲೂಗಡ್ಡೆ, ಟೊಮೇಟೊಗಳಂತಹ ಸಿಪ್ಪೆಯುಳ್ಳ ತರಕಾರಿಗಳನ್ನು ಮೊದಲೇ ಚುಚ್ಚಬೇಕು. ಬಿಗಿಯಾಗಿ ಮುಚ್ಚಿದ ಡಬ್ಬಿ, ಬಾಟಲಿಗಳನ್ನು ಒಲೆಯಲ್ಲಿ ಇಡಬಾರದು. ಎಣ್ಣೆಯ ತಾಪಮಾನವನ್ನು ಈ ಒಲೆಯಲ್ಲಿ ನಿಯಂತ್ರಿಸಲಾಗದ ಕಾರಣ ಕರಿಯಲು ಇದನ್ನು ಬಳಸಬಾರದು. ಮುಚ್ಚಳವನ್ನು ತೆಗೆಯುವಾಗ ಹಬೆಯು ಮುಖದಿಂದ ಆಚೆಗೆ ಹೋಗುವಂತೆ ಎತ್ತಬೇಕು.

ಶಿಶುಗಳ ಹಾಲಿನ ಬಾಟಲಿಯನ್ನು ಮೈಕ್ರೋವೇವ್‌ನಲ್ಲಿ ಬಿಸಿಮಾಡಬಾರದು ಎಂಬುದು ಆರೋಗ್ಯ ಸಂಸ್ಥೆಗಳ ಸಲಹೆ. ಬಾಟಲಿಯ ಹೊರಮೈ ತಣ್ಣಗಿದ್ದರೂ ಹಾಲಿನ ಕೆಲವು ಭಾಗ ಶಿಶುವಿನ ಬಾಯಿಯನ್ನು ಸುಡುವಷ್ಟು ಬಿಸಿಯಾಗಿರಬಹುದು. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಬೆಚ್ಚಗೆ ಮಾಡಿ, ಅಲುಗಾಡಿಸಿ, ಮಣಿಕಟ್ಟಿನ ಮೇಲೆ ಒಂದೆರಡು ಹನಿ ಹಾಕಿ ಪರೀಕ್ಷಿಸುವುದು ಸುರಕ್ಷಿತ ವಿಧಾನವಾಗಿದೆ.

ಉಪಕರಣದ ಸುರಕ್ಷತೆ

ಒಲೆಯ ಬಾಗಿಲಿನಲ್ಲಿರುವ ಲೋಹದ ಜಾಲರಿಯ ರಂಧ್ರಗಳು ತರಂಗದೂರಕ್ಕಿಂತ ಬಹಳ ಚಿಕ್ಕವಾಗಿರುವುದರಿಂದ ಬೆಳಕು ಹೊರಬಂದರೂ ಸೂಕ್ಷ್ಮತರಂಗಗಳು ಹೊರಬರಲಾರವು. ಬಾಗಿಲು ತೆರೆದ ಕೂಡಲೇ ಮ್ಯಾಗ್ನೆಟ್ರಾನ್ ನಿಲ್ಲುವಂತೆ ಸ್ವಿಚ್‌ಗಳನ್ನು ಅಳವಡಿಸಲಾಗಿರುತ್ತದೆ. ಅಮೆರಿಕದ ನಿಯಮದಂತೆ ಒಲೆಯ ಬಳಕೆಯ ಅವಧಿಯುದ್ದಕ್ಕೂ, ಅದರ ಮೇಲ್ಮೈಯಿಂದ 5 ಸೆಂಟಿಮೀಟರ್ ದೂರದಲ್ಲಿ ಸೋರಿಕೆಯು ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್ ಮೀರಬಾರದು. ಬಾಗಿಲು ಸೊಟ್ಟಗಾಗಿದ್ದರೆ, ಸರಿಯಾಗಿ ಮುಚ್ಚದಿದ್ದರೆ ಅಥವಾ ಅದರ ಅಂಚು ಹಾಳಾಗಿದ್ದರೆ ಒಲೆಯನ್ನು ಬಳಸಬಾರದು. ಆಹಾರವಿಲ್ಲದೆ ಖಾಲಿಯಾಗಿ ಚಾಲನೆ ಮಾಡುವುದರಿಂದ ಮ್ಯಾಗ್ನೆಟ್ರಾನ್ ಕೆಡಬಹುದು. ಒಳಗೆ ಬೆಂಕಿ ಕಾಣಿಸಿದರೆ ಬಾಗಿಲನ್ನು ತೆರೆಯದೆ ವಿದ್ಯುತ್ ಸಂಪರ್ಕವನ್ನು ಕಡಿತಗೊಳಿಸಬೇಕು. ಗಾಳಿ ಸಿಗದೆ ಬೆಂಕಿ ಆರುತ್ತದೆ. ಪ್ಲಗ್ ತೆಗೆದ ನಂತರವೂ ಒಲೆಯೊಳಗಿನ ಕೆಪಾಸಿಟರ್‌ನಲ್ಲಿ ಪ್ರಾಣಾಪಾಯ ಉಂಟುಮಾಡುವಷ್ಟು ವಿದ್ಯುತ್ ಉಳಿದಿರಬಹುದಾದ್ದರಿಂದ ತರಬೇತಿ ಇಲ್ಲದವರು ಹೊರಕವಚವನ್ನು ಬಿಚ್ಚಬಾರದು.

ತಪ್ಪು ಕಲ್ಪನೆಗಳು

ಮೈಕ್ರೋವೇವ್‌ನಲ್ಲಿ ಬಿಸಿಮಾಡಿದ ಆಹಾರವು ವಿಕಿರಣಶೀಲವಾಗುತ್ತದೆ ಎಂಬ ನಂಬಿಕೆ ತಪ್ಪು. ಈ ತರಂಗಗಳಿಗೆ ಅಣುಗಳನ್ನು ಅಯಾನೀಕರಿಸುವ ಶಕ್ತಿಯಿಲ್ಲ. ಒಲೆ ನಿಂತ ಕೂಡಲೇ ಅವು ಇಲ್ಲವಾಗುತ್ತವೆ. ಪೋಷಕಾಂಶಗಳು ವಿಶೇಷವಾಗಿ ನಾಶವಾಗುತ್ತವೆ ಎಂಬುದೂ ಸರಿಯಲ್ಲ. ಯಾವ ಬಗೆಯ ಅಡುಗೆಯಲ್ಲಿಯೂ ಕೆಲವು ಜೀವಸತ್ವಗಳು ನಷ್ಟವಾಗುತ್ತವೆ. ಕಡಿಮೆ ನೀರು ಮತ್ತು ಕಡಿಮೆ ಸಮಯ ಬಳಸಿದಾಗ ಸಿ ಜೀವಸತ್ವದಂತಹ ನೀರಿನಲ್ಲಿ ಕರಗುವ ಅಂಶಗಳು ಹೆಚ್ಚು ಉಳಿಯುತ್ತವೆ. ಆಹಾರವು ಒಳಗಿನಿಂದ ಹೊರಕ್ಕೆ ಬೇಯುತ್ತದೆ ಎಂಬುದು ಮತ್ತೊಂದು ವ್ಯಾಪಕ ನಂಬಿಕೆ. ಸುರಕ್ಷತೆಯ ದೃಷ್ಟಿಯಿಂದ ಇದು ಹೆಚ್ಚು ಹಾನಿಕರ. ದಪ್ಪನೆಯ ಆಹಾರದ ನಡುಭಾಗವು ಸಾಮಾನ್ಯವಾಗಿ ಕೊನೆಗೆ ಬಿಸಿಯಾಗುವುದರಿಂದ, ಹೊರಗೆ ಹಬೆಯಾಡುವುದನ್ನು ಕಂಡು ಒಳಗೂ ಬೆಂದಿದೆ ಎಂದು ಭಾವಿಸುವುದು ಆಹಾರಜನ್ಯ ರೋಗಗಳಿಗೆ ದಾರಿಯಾಗಬಹುದು.